ಅಕ್ಷರದ ಮನೆ, ಮಾತ್ರೆಯ ಅಗಲ: ಪ್ರಸ್ತಾರವನ್ನು ಅಚ್ಚಿಗೆ ಕೂರಿಸುವ ಬಗ್ಗೆ

(ಕನ್ನಡ ಸ್ನಾತಕೋತ್ತರ ವಿದ್ಯಾರ್ಥಿಗಳ ಆನ್‌ಲೈನ್ ವಿಚಾರಗೋಷ್ಠಿಯಲ್ಲಿ ಮಂಡಿಸಿದ ಪ್ರಬಂಧದ ಬರಹರೂಪ. ಮಾತಿನ ಧಾಟಿಯನ್ನು ಆದಷ್ಟೂ ಹಾಗೇ ಉಳಿಸಿಕೊಂಡಿದೆ. ಕೊನೆಯ ಪ್ರಶ್ನೋತ್ತರವನ್ನು ಸಂಕ್ಷೇಪಿಸಲಾಗಿದೆ.)

ನನ್ನ ಧ್ವನಿ ಕೇಳಿಸ್ತಾ ಇದೆ ಅಂದ್ಕೊಳ್ತೀನಿ. ನಾನು ಮಾತಾಡ್ತಿರೋದು ದಿಂಬಂನಿಂದ. ಬಣ್ಣಾರಿಯಿಂದ 27 ತಿರುವು ಹತ್ತಿ ಬಂದರೆ ಘಟ್ಟದ ನೆತ್ತಿಯಲ್ಲಿ ಸಿಗೋ ಊರು. ಮುಂದೆ ಹೋದರೆ ಹಾಸನೂರು, ಅಲ್ಲಿಂದಾಚೆ ತಾಳವಾಡಿ, ಚಾಮರಾಜನಗರ. ಇಲ್ಲಿ ನೆಟ್‌ವರ್ಕೂ ಮಂಜಿನ ಹಾಗೇ, ಬರುತ್ತೆ, ಹೋಗುತ್ತೆ. ಅದಕ್ಕೇ ವಿಡಿಯೊ ಆಫ್ ಮಾಡಿದ್ದೀನಿ. ಮಾತು ಕಡಿದು ಹೋದರೆ ದಯವಿಟ್ಟು ಚಾಟ್‌ನಲ್ಲಿ ಹಾಕಿ.

ಹೇಳಬೇಕಾದ ಮುಖ್ಯ ಮಾತನ್ನ ಮೊದಲೇ ಹೇಳಿಬಿಡ್ತೀನಿ. ಪದ್ಯದ ಮೇಲೆ ನಾವು ಹಾಕುವ ಪ್ರಸ್ತಾರ ಒಂದು ಗಣಿತದ ಬರವಣಿಗೆ. ಅಲ್ಲಿ ಪ್ರತಿ ಅಕ್ಷರಕ್ಕೂ ಒಂದು ಮನೆ ಇದೆ, ಚೌಕಾಬಾರದ ಮನೆ ಇದ್ದ ಹಾಗೆ. ಕಾಯಿ ಒಂದು ಮನೆ ಸರಿದರೆ ಆಟವೇ ಬೇರೆ. ಹಾಗಾಗಿ ಈ ಮನೆಗೆ ಎಷ್ಟು ಅಗಲ ಕೊಡ್ತೀವಿ, ಮನೆಮನೆಯ ನಡುವೆ ಎಷ್ಟು ತೆರಪು ಬಿಡ್ತೀವಿ ಅನ್ನೋದನ್ನ ಡಿಟಿಪಿ ಮಾಡೋರಿಗೆ ಬಿಟ್ಟು ಕೈತೊಳೆದುಕೊಳ್ಳೋ ಹಾಗಿಲ್ಲ. ಅದು ವಿಮರ್ಶೆಯ ಜವಾಬ್ದಾರಿ. ಇದನ್ನ ನಾನು ಪುಸ್ತಕ ಓದಿ ಕಲಿತದ್ದಲ್ಲ, ತಪ್ಪು ಮಾಡಿ ಕಲಿತದ್ದು.

1. ಒಂದು ಸುಳ್ಳು ಆರೋಪ

ಕಳೆದ ಸೆಮಿಸ್ಟರ್‌ನಲ್ಲಿ ಹಳಗನ್ನಡದ ಒಂದು ಉತ್ಪಲಮಾಲೆಯ ಮೇಲೆ ಪ್ರಬಂಧ ಓದಿದ್ದೆ. ಎರಡನೆಯ ಪಾದದಲ್ಲಿ ಛಂದೋಭಂಗವಾಗಿದೆ ಎಂದು ಅದರಲ್ಲಿ ಬರೆದಿದ್ದೆ. ಅಷ್ಟಕ್ಕೇ ನಿಲ್ಲಿಸಲಿಲ್ಲ. ದುಃಖದ ಒತ್ತಡಕ್ಕೆ ವೃತ್ತದ ಕಟ್ಟು ಒಡೆದಿದೆ, ಕವಿ ನಿಯಮ ಮೀರಿ ಭಾವವನ್ನು ಗೆಲ್ಲಿಸಿದ್ದಾನೆ ಅಂತ ಒಂದೂವರೆ ಪುಟ ವ್ಯಾಖ್ಯಾನ ಬೇರೆ. ಓದಿ ಮುಗಿಸಿದ ಮೇಲೆ ನಮ್ಮ ಗುರುಗಳೊಬ್ಬರು ಮೈಕ್ ಆನ್ ಮಾಡಿದರು. ಏನೂ ಪ್ರಶ್ನೆ ಕೇಳಲಿಲ್ಲ. ಆ ಪಾದವನ್ನು ಒಮ್ಮೆ ಜೋರಾಗಿ ವಾಚಿಸಿದರು. ಆಮೇಲೆ, "ನನ್ನ ಕಿವಿಗೆ ಎಲ್ಲೂ ತೊಡಕಿಲ್ಲವಲ್ಲಮ್ಮಾ, ಇನ್ನೊಂದು ಸಲ ಪ್ರಸ್ತಾರ ಹಾಕಿ ನೋಡು" ಅಂದರು.

ನೋಡಿದೆ. ಆಗಿದ್ದು ಇಷ್ಟು. ಫೋನಿನಲ್ಲಿ ಟೈಪ್ ಮಾಡುವಾಗ ಸ್ಪೇಸ್ ಒತ್ತಿ ಒತ್ತಿ ಗುರು ಲಘುಗಳ ಗುರುತನ್ನು ಅಕ್ಷರಗಳ ಮೇಲೆ ಕೂರಿಸಿದ್ದೆ. ಲ್ಯಾಪ್‌ಟಾಪಿಗೆ ಹಾಕಿದಾಗ ಫಾಂಟ್ ಬದಲಾಯಿತು, ಅಕ್ಷರಗಳ ಅಗಲ ಬದಲಾಯಿತು. ಮೂರನೆಯ ಅಕ್ಷರದ ನೆತ್ತಿಯ ಮೇಲೆ ಎರಡು ಗುರುತು ಒತ್ತಾಗಿ ಕೂತಿದ್ದವು, ನಾಲ್ಕನೆಯದರ ಮೇಲೆ ಒಂದೂ ಇರಲಿಲ್ಲ. ಯಾವುದು ಮೊದಲು, ಯಾವುದು ಆಮೇಲೆ ಅಂತ ತಿಳಿಯದೆ ಅಂದಾಜಿನ ಮೇಲೆ ತಿದ್ದಿಕೊಂಡೆ, ಎರಡೂ ಅದಲುಬದಲಾದವು. ಭ-ಗಣ, ರ-ಗಣ ಇರಬೇಕಾದ ಕಡೆ ರ-ಗಣ, ಸ-ಗಣ ಬಂತು. ಅದನ್ನೇ ಕವಿಯ ತಲೆಗೆ ಕಟ್ಟಿದೆ.

ಸಾವಿರ ವರ್ಷದ ಹಿಂದಿನ ಕವಿ ಬಂದು ಉತ್ತರ ಕೊಡೋದಿಲ್ಲ. ಅದಕ್ಕೇ ಅವನ ಮೇಲೆ ಆರೋಪ ಹೊರಿಸುವಾಗ ನಮ್ಮ ಸಾಕ್ಷಿ ಗಟ್ಟಿಯಾಗಿರಬೇಕು. ಛಂದಸ್ಸಿನ ವಿಮರ್ಶೆಯಲ್ಲಿ ಆ ಸಾಕ್ಷಿ ಅಂದರೆ ಪ್ರಸ್ತಾರ.

2. ಜಾಗವೇ ಬೆಲೆ

ಈ ಬರಹದಲ್ಲಿ ಗುರುವಿಗೆ 'ಗ', ಲಘುವಿಗೆ 'ಲ' ಅಂತ ಸಾಲಿನೊಳಗೇ ಬರೆದಿದ್ದೀನಿ, ಅಕ್ಷರದ ಮೇಲೆ ಗುರುತು ಹಾಕಿಲ್ಲ. ಕಾರಣ ಮುಂದೆ ತಾನಾಗೇ ಗೊತ್ತಾಗುತ್ತೆ.

'ಉದ್ದಿಷ್ಟ'ದ ಲೆಕ್ಕವನ್ನು ಪರೀಕ್ಷೆಗೋಸ್ಕರ ನಾವೆಲ್ಲ ಓದಿದ್ದೀವಿ. ಕೊಟ್ಟ ವಿನ್ಯಾಸ ಪ್ರಸ್ತಾರದ ಪಟ್ಟಿಯಲ್ಲಿ ಎಷ್ಟನೆಯದು ಅಂತ ಕಂಡುಹಿಡಿಯುವ ವಿಧಾನ ಅದು. ಅಕ್ಷರಗಳ ಮೇಲೆ ಎಡದಿಂದ 1, 2, 4, 8 ಹೀಗೆ ಇಮ್ಮಡಿಸುತ್ತಾ ಬರೆದು, ಲಘುವಿನ ಮೇಲಿರುವ ಸಂಖ್ಯೆಗಳನ್ನು ಮಾತ್ರ ಕೂಡಿಸಿ ಒಂದು ಸೇರಿಸಬೇಕು. ರ-ಗಣ ತಗೊಳ್ಳಿ: ಗ ಲ ಗ. ಲಘು ಇರುವುದು 2ರ ಮನೆಯಲ್ಲಿ. 2ಕ್ಕೆ 1 ಸೇರಿಸಿದರೆ 3. ಮ, ಯ, ರ, ಸ, ತ, ಜ, ಭ, ನ ಎಂಬ ಸಾಲಿನಲ್ಲಿ ರ-ಗಣ ಮೂರನೆಯದೇ.

ಈಗಿನವರು ದ್ವಿಮಾನ ಸಂಖ್ಯೆ ಅನ್ನೋದು ಇದನ್ನೇ. ಒಂದೊಂದು ಮನೆಗೂ ಸ್ಥಾನಬೆಲೆ. ಉತ್ಪಲಮಾಲೆ 20 ಅಕ್ಷರದ ಕೃತಿ ಛಂದಸ್ಸಿನದು, ಗಣಗಳು ಭರನಭಭರಲಗ. ಇಪ್ಪತ್ತು ಮನೆಯಲ್ಲಿ ಗುರು ಲಘುಗಳನ್ನು 10,48,576 ರೀತಿ ಜೋಡಿಸಬಹುದು. ಉದ್ದಿಷ್ಟ ಹಾಕಿದರೆ ಉತ್ಪಲಮಾಲೆ ಅವುಗಳಲ್ಲಿ 3,55,799ನೆಯದು. ನಾನು ಮಾಡಿದ ಹಾಗೆ ಮೂರನೆಯ ಮತ್ತು ನಾಲ್ಕನೆಯ ಗುರುತು ಅದಲುಬದಲಾದರೆ 4 ಹೋಗಿ 8 ಬರುತ್ತೆ, ಅಂದರೆ 3,55,803ನೆಯದಾಗುತ್ತೆ. ಅದು ಉತ್ಪಲಮಾಲೆಯೇ ಅಲ್ಲ. ಒಂದು ಅಂಕಿಯ ಬಲಗಡೆ ಸೊನ್ನೆ ಹಾಕುವ ಬದಲು ಎಡಗಡೆ ಹಾಕಿದ ಹಾಗಾಯಿತು.

ಆರು ಪ್ರತ್ಯಯಗಳಲ್ಲಿ ಕೊನೆಯದು ಅಧ್ವಯೋಗ. ಪರೀಕ್ಷೆಗೆ ಓದುವಾಗ, ಇದರಿಂದ ಯಾರಿಗೆ ಏನು ಪ್ರಯೋಜನ ಅಂತ ನಾನು ಹಾರಿಸಿಬಿಟ್ಟಿದ್ದೆ. ಒಂದು ಛಂದಸ್ಸಿನ ವಿನ್ಯಾಸಗಳನ್ನೆಲ್ಲ ಬರೆಯೋದಕ್ಕೆ ಎಷ್ಟು ಜಾಗ ಬೇಕು ಅನ್ನುವ ಲೆಕ್ಕ ಅದು. ಒಂದು ಸಾಲಿಗೆ ಒಂದು ಅಂಗುಲ, ಎರಡು ಸಾಲಿನ ನಡುವೆ ಒಂದು ಅಂಗುಲ ತೆರಪು. ಹಾಗಾಗಿ ಸಂಖ್ಯೆಯನ್ನು ಇಮ್ಮಡಿಸಿ ಒಂದು ಕಳೆಯಬೇಕು. ಕೇದಾರಭಟ್ಟನ ವೃತ್ತರತ್ನಾಕರದಲ್ಲಿ ಈ ನಿಯಮ ಸ್ಪಷ್ಟವಾಗಿದೆ. ಎಂಟು ಗಣಗಳನ್ನು ಬರೆಯಲು 15 ಅಂಗುಲ. ಕೃತಿ ಛಂದಸ್ಸಿನ ಅಷ್ಟೂ ವಿನ್ಯಾಸ ಬರೆಯಲು 20,97,151 ಅಂಗುಲ. ಮೊಳಕ್ಕೆ 24 ಅಂಗುಲ, ಮೊಳ ಅಂದರೆ ಒಂದೂವರೆ ಅಡಿ ಅಂತ ಹಿಡಿದರೆ ಹತ್ತಿರ ಹತ್ತಿರ 40 ಕಿಲೋಮೀಟರ್. ದಿಂಬಂನಿಂದ ಬರೆಯುತ್ತಾ ಹೊರಟರೆ 27 ತಿರುವೂ ಇಳಿದು ಸತ್ಯಮಂಗಲ ದಾಟಿ ಹೋಗಬೇಕಾಗುತ್ತೆ.

ಇದು ಬರೀ ತಮಾಷೆಯ ಲೆಕ್ಕ ಇರಬಹುದು. ಆದರೆ ಗಮನಿಸಿ: ಸಾಲಿನಷ್ಟೇ ಜಾಗವನ್ನು ಸಾಲಿನ ನಡುವಿನ ತೆರಪಿಗೂ ಲೆಕ್ಕದಲ್ಲಿ ಕೊಟ್ಟಿದ್ದಾರೆ. ಖಾಲಿ ಜಾಗವನ್ನು ಶಾಸ್ತ್ರದ ಒಳಗೆ ತಂದವರು ಅವರು. ಸ್ಪೇಸ್ ಬಾರ್‌ಗೆ ಒಪ್ಪಿಸಿ ಅದನ್ನ ಶಾಸ್ತ್ರದಿಂದ ಹೊರಗೆ ಹಾಕಿದವರು ನಾವು.

3. ಗಣಿತದ ಅಚ್ಚಿನಿಂದ ಒಂದು ಪಾಠ

ಗಣಿತದವರಿಗೆ ಈ ತಾಪತ್ರಯ ಹಳೆಯದು. 1977ರಲ್ಲಿ ಡೊನಾಲ್ಡ್ ಕನೂತ್ ಅವರಿಗೆ ತಮ್ಮ 'ದಿ ಆರ್ಟ್ ಆಫ್ ಕಂಪ್ಯೂಟರ್ ಪ್ರೋಗ್ರಾಮಿಂಗ್' ಪುಸ್ತಕದ ಎರಡನೆಯ ಸಂಪುಟದ ಹೊಸ ಆವೃತ್ತಿಯ ಕರಡಚ್ಚು ಬಂತು. ಸೂತ್ರಗಳು ಅಚ್ಚಾಗಿದ್ದ ರೀತಿ ನೋಡಿ ಬೇಸರಪಟ್ಟು ಅವರೇ ಅಕ್ಷರಜೋಡಣೆಯ ತಂತ್ರಾಂಶ ಬರೆಯಲು ಕೂತರು. ಅದೇ ಟೆಕ್. ಅವರೇ 2006ರಲ್ಲಿ ಪ್ರಕಟಿಸಿದ ಅದೇ ಪುಸ್ತಕಮಾಲೆಯ ಒಂದು ಭಾಗದಲ್ಲಿ, ವಿನ್ಯಾಸಗಳನ್ನು ಪಟ್ಟಿಮಾಡುವ ವಿದ್ಯೆಯ ಇತಿಹಾಸ ಹೇಳುವಾಗ ಪಿಂಗಳನ ಪ್ರಸ್ತಾರವನ್ನೂ ಚರ್ಚಿಸಿದ್ದಾರೆ. ಗಣಿತದ ಅಚ್ಚನ್ನು ಸರಿಮಾಡಿದವರೇ ನಮ್ಮ ಗುರು ಲಘುಗಳ ಬಗ್ಗೆಯೂ ಬರೆದಿದ್ದಾರೆ ಅನ್ನೋದು ನನಗೆ ಬಹಳ ಖುಷಿ ಕೊಟ್ಟ ವಿಷಯ.

ಟೆಕ್‌ನ ಕಣ್ಣಿಗೆ ಅಕ್ಷರದ ಆಕಾರ ಕಾಣೋದಿಲ್ಲ. ಅದಕ್ಕೆ ಪ್ರತಿಯೊಂದೂ ಒಂದು ಪೆಟ್ಟಿಗೆ. ಪೆಟ್ಟಿಗೆಗೆ ಮೂರು ಅಳತೆ: ಅಗಲ, ಗೆರೆಯಿಂದ ಮೇಲಕ್ಕೆ ಎತ್ತರ, ಗೆರೆಯಿಂದ ಕೆಳಕ್ಕೆ ಆಳ. ಪೆಟ್ಟಿಗೆಗಳನ್ನು ಪಕ್ಕಪಕ್ಕ ಜೋಡಿಸೋದು ಅದರ ಕೆಲಸ. ಸಂಕಲನದ ದೊಡ್ಡ ಸಿಗ್ಮಾ ಚಿಹ್ನೆಯ ಕೆಳಗೆ ಉದ್ದದ ಷರತ್ತು ಬರೆದೆವು ಅಂತ ಇಟ್ಕೊಳ್ಳಿ. ಷರತ್ತಿನ ಅಗಲವೇ ಇಡೀ ಪೆಟ್ಟಿಗೆಯ ಅಗಲವಾಗಿ, ಪಕ್ಕದ ಪದ ದೂರಕ್ಕೆ ತಳ್ಳಿಸಿಕೊಳ್ಳುತ್ತೆ, ನಡುವೆ ಕಾರಣವಿಲ್ಲದ ಕಂದಕ. ಅದಕ್ಕೆ ಲೇಟೆಕ್ ಬಳಸೋರು ಮ್ಯಾಥ್‌ಕ್ಲ್ಯಾಪ್ ಎಂಬ ಆಜ್ಞೆ ಕೊಡ್ತಾರೆ. ಮಸಿ ಎಷ್ಟೇ ಹರಡಿರಲಿ, ಅಗಲ ಸೊನ್ನೆ ಅಂತ ಲೆಕ್ಕಕ್ಕೆ ತಗೋ ಅನ್ನೋದು ಅದರ ಅರ್ಥ. ಷರತ್ತು ಸಿಗ್ಮಾದ ಕೆಳಗೆ ನಡುಮಧ್ಯೆ ನಿಲ್ಲುತ್ತೆ, ಅಕ್ಕಪಕ್ಕದವರನ್ನು ತಳ್ಳೋದಿಲ್ಲ. ಫ್ಯಾಂಟಮ್ ಅಂತ ಇನ್ನೊಂದಿದೆ, ಅದು ಉಲ್ಟಾ: ಮಸಿಯೇ ಇಲ್ಲ, ಆದರೆ ಜಾಗ ಪೂರ್ತಿ ಹಿಡಿಯುತ್ತೆ. ಸ್ಟ್ರಟ್ ಮೂರನೆಯದು, ಅಗಲವಿಲ್ಲದ, ಎತ್ತರ ಆಳ ಮಾತ್ರ ಇರುವ ಕಾಣದ ಊರುಗೋಲು.

ಈ ಮೂರರಿಂದ ನನಗೆ ಹೊಳೆದದ್ದು ಒಂದೇ. ಕಣ್ಣಿಗೆ ಕಾಣುವ ಅಗಲ ಬೇರೆ, ಲೆಕ್ಕಕ್ಕೆ ಹಿಡಿಯುವ ಅಗಲ ಬೇರೆ. ಛಂದಸ್ಸಿನ ವಿದ್ಯಾರ್ಥಿಗೆ ಇದು ಹೊಸ ಮಾತೇನಲ್ಲ. 'ಮೊ' ಅಂತ ಬರೆಯಿರಿ, ಪಕ್ಕದಲ್ಲಿ 'ರಾ' ಬರೆಯಿರಿ. ಕಾಗದದ ಮೇಲೆ ಮೊ ದಪ್ಪಗೆ ಕಾಲು ಚಾಚಿ ಕೂತಿದೆ, ಆದರೆ ಅದು ಲಘು, ಒಂದೇ ಮಾತ್ರೆ. ರಾ ಸಣಕಲು, ಆದರೆ ಗುರು, ಎರಡು ಮಾತ್ರೆ. ಕಿವಿಯ ಅಳತೆಗೂ ಕಣ್ಣಿನ ಅಳತೆಗೂ ಸಂಬಂಧವಿಲ್ಲ. ಸ್ಪೇಸ್ ಒತ್ತಿ ಕೂರಿಸಿದ ಗುರುತು ನಂಬಿರುವುದು ಕಣ್ಣಿನ ಅಳತೆಯನ್ನು, ಅದೂ ಒಂದು ಫಾಂಟಿನ ಕಣ್ಣಳತೆಯನ್ನು. ಫಾಂಟ್ ಬದಲಾದ ಕೂಡಲೇ ಸಾಕ್ಷಿ ತಿರುಗಿ ಬೀಳುತ್ತೆ.

4. ಒತ್ತು ಯಾರ ಮನೆಯದು?

ಇಲ್ಲಿಗೆ ಬಂದಾಗ ನಮ್ಮೂರಿನ ಒಂದು ಅನುಭವ ಹೇಳಬೇಕು. ಇಲ್ಲಿ ಮನೆಮಾತು ಕನ್ನಡ, ಬಸ್ಸಿನ ಬೋರ್ಡು ತಮಿಳು. ನನ್ನ ಚಿಕ್ಕಮ್ಮನ ಮಗಳು ತಾಳವಾಡಿ ಕಡೆಯ ಶಾಲೆಯಲ್ಲಿ ಕನ್ನಡ ಮಾಧ್ಯಮದಲ್ಲಿ ಓದ್ತಾಳೆ, ತಮಿಳೂ ಕಲೀತಾಳೆ. ಬಣ್ಣಾರಿ ಅನ್ನೋ ಹೆಸರಿಗೆ ಪ್ರಸ್ತಾರ ಹಾಕು ಅಂದೆ. ಬ ಲಘು, ಣ್ಣಾ ಗುರು, ರಿ ಲಘು ಅಂತ ಹಾಕಿದಳು. ಲ ಗ ಲ, ಅಂದರೆ ಜ-ಗಣ, ಆರನೆಯದು. ತಪ್ಪು. ಒತ್ತಕ್ಷರದ ಹಿಂದಿನ ಅಕ್ಷರ ಗುರು ಅನ್ನೋ ನಿಯಮ ಅವಳಿಗೆ ಬಾಯಿಪಾಠ ಇದೆ, ಆದರೆ ಬ ನೋಡುವಾಗ ಕಣ್ಣು ಬ ಮೇಲೇ ಇತ್ತು.

ಇದನ್ನೇ ತಮಿಳಿನಲ್ಲಿ ಬರಿ ಅಂದೆ. ತಮಿಳು ಲಿಪಿಯಲ್ಲಿ ಒತ್ತಕ್ಷರ ಇಲ್ಲ. ಸ್ವರವಿಲ್ಲದ ವ್ಯಂಜನ ತಲೆಯ ಮೇಲೆ ಪುಳ್ಳಿ ಇಟ್ಟುಕೊಂಡು ತನ್ನದೇ ಮನೆಯಲ್ಲಿ ನಿಲ್ಲುತ್ತೆ. ಬಣ್ಣಾರಿ ಅಲ್ಲಿ ನಾಲ್ಕು ಅಕ್ಷರ, ಎರಡನೆಯದು ಬಿಡಿಯಾದ ಣ್. ಬರೆದವಳೇ, "ಅಯ್ಯೋ ಅಕ್ಕಾ, ಇಲ್ಲಿ ಣ್ ಇದೆಯಲ್ಲ, ಬಣ್ ಅಂತ ನಿಲ್ಲುತ್ತೆ" ಅಂತ ತಾನೇ ತಿದ್ದಿದಳು. ಗ ಗ ಲ, ತ-ಗಣ, ಐದನೆಯದು. ತಮಿಳು ಛಂದಸ್ಸಿನವರು ಈ ಮೊದಲ ತುಂಡನ್ನು ಒಂದು 'ನೇರ್ ಅಸೈ' ಅಂತಾರೆ, ಒಟ್ರು ತನ್ನ ಹಿಂದಿನ ಅಕ್ಷರಕ್ಕೇ ಸೇರುತ್ತೆ.

ಅಂದರೆ ನಮ್ಮ ಲಿಪಿ ಗುರುತ್ವದ ಕಾರಣವನ್ನು ಪಕ್ಕದ ಮನೆಯ ನೆಲಮಾಳಿಗೆಯಲ್ಲಿ ಬಚ್ಚಿಡುತ್ತೆ. ಉಚ್ಚಾರದಲ್ಲಿ ಬಣ್-ಣಾ-ರಿ, ಬರಹದಲ್ಲಿ ಬ-ಣ್ಣಾ-ರಿ. ಗುರುತು ನಿಲ್ಲೋದು ಬ ಮೇಲೆ, ಅದಕ್ಕೆ ಕಾರಣವಾದ ಒತ್ತು ಇರೋದು ಣಾ ಕೆಳಗೆ. ಅರ್ಕಾವತ್ತಿನಲ್ಲಿ ಇನ್ನೂ ವಿಚಿತ್ರ. ಕರ್ನಾಟಕ ಅಂತ ಬರೆದು ನೋಡಿ. ಬಾಯಲ್ಲಿ ರ್ ಬರೋದು ನಾ ಮೊದಲು, ಕಾಗದದಲ್ಲಿ ಬರೋದು ನಾ ಆದಮೇಲೆ. ಕ ಗುರುವಾಗಲು ಕಾರಣವಾದ ಧ್ವನಿ ಒಂದಿಡೀ ಅಕ್ಷರ ದಾಟಿ ಆಚೆ ಕಡೆ ಕೂತಿದೆ. ಸಾಲದ್ದಕ್ಕೆ ಆ ಚಿಹ್ನೆ ಪಕ್ಕದ ಮನೆಯ ಅಗಲವನ್ನೂ ಹೆಚ್ಚಿಸಿ, ಅದರ ಮೇಲಿನ ಗುರುತು ನಡುಮಧ್ಯದಿಂದ ಬಲಕ್ಕೆ ಜಾರುವ ಹಾಗೆ ಮಾಡುತ್ತೆ.

ಕಂಪ್ಯೂಟರಿನ ಕಥೆ ಮೂರನೆಯದು. ಯೂನಿಕೋಡ್‌ನಲ್ಲಿ 'ಅಕ್ಷರ' ಎಂಬ ಪದ ನಮ್ಮ ಕಣ್ಣಿಗೆ ಮೂರು, ಒಳಗೆ ಐದು ಸಂಕೇತ. 'ಸ್ತ್ರೀ' ನಮಗೆ ಒಂದು, ಒಳಗೆ ಆರು. ಮನೆ ಮಾಡು ಅಂತ ಹೇಳಿದರೆ ಎಷ್ಟೋ ತಂತ್ರಾಂಶಗಳು ಹಲಂತದ ಹತ್ತಿರ ಕತ್ತರಿಸಿ ಬ, ಣ್, ಣಾ, ರಿ ಅಂತ ನಾಲ್ಕು ಮಾಡಿಬಿಡುತ್ತವೆ. ಪ್ರಸ್ತಾರಕ್ಕೆ ಇದು ತಪ್ಪು, ಒಂದು ಮನೆ ಹೆಚ್ಚಾಗಿ ಸ್ಥಾನಬೆಲೆಯೆಲ್ಲ ಕೆಡುತ್ತೆ. ಆದರೆ ನೋಡಿ, ಆ ತಪ್ಪು ಸಿಗಿತ ತಮಿಳಿನ ಸರಿ ಬರವಣಿಗೆಯ ಹಾಗೇ ಇದೆ. ಯಂತ್ರ ಅರಿಯದೆ ಮಾಡಿದ ಈ ತುಂಡರಿಕೆಯಲ್ಲಿ ಗುರುವಿನ ಕಾರಣ ಎದ್ದು ಕಾಣುತ್ತೆ.

ಇನ್ನೊಂದು ಅಪಾಯ ಇದಕ್ಕಿಂತ ಸೂಕ್ಷ್ಮದ್ದು. ಹಳಗನ್ನಡದಲ್ಲಿ ಶಿಥಿಲದ್ವಿತ್ವ ಇದೆ. 'ಅಮರ್ದು' ಎಂಬಲ್ಲಿ ಒತ್ತು ತೇಲಿ ಉಚ್ಚಾರವಾಗುವುದರಿಂದ ಹಿಂದಿನ ಮ ಲಘುವಾಗಿಯೇ ಉಳಿಯಬಹುದು. ಸಾಮಾನ್ಯ ನಿಯಮದ ಕಣ್ಣಿಗೆ ಅದು ತಪ್ಪು ಗುರುತಿನ ಹಾಗೇ ಕಾಣುತ್ತೆ. ಅಚ್ಚಿನಲ್ಲಿ ಗುರುತುಗಳು ಆಗಾಗ ಜಾರುತ್ತವೆ ಅಂತ ಗೊತ್ತಿರುವ ಓದುಗ ಏನು ಮಾಡ್ತಾನೆ? ಶಿಥಿಲವನ್ನೂ ಮುದ್ರಣದೋಷ ಅಂದುಕೊಂಡು 'ತಿದ್ದಿ' ಓದ್ತಾನೆ. ಹೀಗೆ ಎರಡು ಕಡೆಯಿಂದಲೂ ನಷ್ಟ. ಮುದ್ರಣದೋಷ ಕವಿಯ ದೋಷವಾಗಿ ಕಾಣುತ್ತೆ, ಕವಿಯ ಸೂಕ್ಷ್ಮ ಮುದ್ರಣದೋಷವಾಗಿ ಕಾಣುತ್ತೆ.

5. ಮೂರು ಛಂದಸ್ಸು, ಮೂರು ಅಗಲ

ಹಾಗಾದರೆ ಮನೆಗೆ ಎಷ್ಟು ಅಗಲ ಕೊಡಬೇಕು? ಎಲ್ಲದಕ್ಕೂ ಒಂದೇ ಉತ್ತರ ಹುಡುಕಿದ್ದೇ ನಮ್ಮ ತೊಂದರೆ ಅಂತ ನನ್ನ ವಾದ. ಕನ್ನಡದಲ್ಲಿ ಅಕ್ಷರಗಣ, ಮಾತ್ರಾಗಣ, ಅಂಶಗಣ ಅಂತ ಮೂರು ಬಗೆ. ಮೂರಕ್ಕೂ ಒಂದೇ ರೀತಿ ಗುರುತು ಹಾಕಿ, ಒಂದೇ ರೀತಿ ಅಚ್ಚು ಮಾಡಿ, ಮೂರೂ ಒಂದೇ ಜಾತಿ ಎಂಬ ಭ್ರಮೆ ಹುಟ್ಟಿಸಿದ್ದೀವಿ.

ಅಕ್ಷರವೃತ್ತದಲ್ಲಿ ಮುಖ್ಯ ಎಣಿಕೆ. ಪಾದಕ್ಕೆ ಇಪ್ಪತ್ತು ಅಂದರೆ ಇಪ್ಪತ್ತೇ, ಎಷ್ಟನೆಯ ಮನೆಯಲ್ಲಿ ಗುರು ಅನ್ನೋದು ನಿಶ್ಚಿತ. ಇಲ್ಲಿ ಎಲ್ಲ ಮನೆಗೂ ಸಮ ಅಗಲ ಕೊಡೋದು ಸರಿ. ನಾಲ್ಕು ಪಾದ ಒಂದರ ಕೆಳಗೊಂದು ಬರೆದರೆ ಹತ್ತನೆಯ ಅಕ್ಷರದ ಕೆಳಗೆ ಹತ್ತನೆಯದೇ ಬರುತ್ತೆ, ಗುರುಗಳು ಕಂಬದ ಹಾಗೆ ನೆಟ್ಟಗೆ ನಿಲ್ಲುತ್ತವೆ. ಒಂದು ಕಂಬ ಓರೆಯಾದರೂ ಕಣ್ಣಿಗೆ ಹೊಡೆಯುತ್ತೆ.

ಕಂದಕ್ಕೆ ಇದೇ ಸಮ ಅಗಲ ಕೊಟ್ಟರೆ ಮೋಸ. ನಾಲ್ಕು ಮಾತ್ರೆಯ ಗಣ ಐದು ರೂಪದಲ್ಲಿ ಬರಬಹುದು: ಗ ಗ, ಗ ಲ ಲ, ಲ ಗ ಲ, ಲ ಲ ಗ, ಲ ಲ ಲ ಲ. ಸಮ ಅಗಲದಲ್ಲಿ ಮೊದಲನೆಯದು ಎರಡು ಮನೆ, ಕೊನೆಯದು ನಾಲ್ಕು ಮನೆ. ಕಿವಿಗೆ ಸಮವಾದದ್ದು ಕಣ್ಣಿಗೆ ಅರ್ಧ ಮತ್ತು ಇಮ್ಮಡಿ. ಇಲ್ಲಿ ಅಗಲವನ್ನು ಮಾತ್ರೆಗೆ ಕಟ್ಟಬೇಕು: ಲಘುವಿಗೆ ಒಂದು ಪಾಲು, ಗುರುವಿಗೆ ಎರಡು ಪಾಲು. ಕರ್ನಾಟಕ ಸಂಗೀತದ ಪುಸ್ತಕಗಳಲ್ಲಿ ಸ್ವರಲಿಪಿ ಬರೆಯೋರು ದೀರ್ಘವನ್ನು ಅಲ್ಪವಿರಾಮ, ಅರ್ಧವಿರಾಮಗಳಿಂದ ಎಳೆದು ತೋರಿಸ್ತಾರಲ್ಲ, ಹಾಗೆ. ಇದರಿಂದ ಏನು ಲಾಭ ನೋಡಿ. ಕಂದದ ಪ್ರತಿ ಅರ್ಧದಲ್ಲೂ ಎಂಟು ಗಣ, ಆರನೆಯದು ಜ-ಗಣ ಅಥವಾ ಸರ್ವಲಘು ಆಗಬೇಕು. ಆರನೆಯದು ಅಂದರೆ ಎರಡನೆಯ ಸಾಲಿನ ಮೂರನೆಯ ಗಣ, ಹಾಗೇ ನಾಲ್ಕನೆಯ ಸಾಲಿನ ಮೂರನೆಯ ಗಣ. ಮಾತ್ರೆಯ ಅಗಲದಲ್ಲಿ ಅಚ್ಚು ಮಾಡಿದರೆ ಇವೆರಡೂ ಒಂದೇ ಲಂಬದಲ್ಲಿ ನಿಲ್ಲುತ್ತವೆ. ನಿಯಮವನ್ನು ಯಾರೂ ವಿವರಿಸಬೇಕಾಗಿಲ್ಲ, ಪುಟವೇ ತೋರಿಸುತ್ತೆ. ಭಾಮಿನಿಯ ಮೂರು-ನಾಲ್ಕರ ಓಟವೂ ಅಷ್ಟೇ, ಅಗಲದಲ್ಲೇ ಕಾಣುತ್ತೆ.

ಅಂಶಗಣ ಇವೆರಡಕ್ಕೂ ಬಗ್ಗೋದಿಲ್ಲ. ವಿಷ್ಣುಗಣದಲ್ಲಿ ಮೂರು ಅಂಶ. ಮೊದಲ ಅಂಶದಲ್ಲಿ ಒಂದು ಗುರು ಇರಬಹುದು, ಎರಡು ಲಘು ಇರಬಹುದು. ಮಿಕ್ಕ ಅಂಶಗಳಲ್ಲಿ ಗುರುವಾದರೂ ಸರಿ, ಲಘುವಾದರೂ ಸರಿ. ಒಟ್ಟು ಎಂಟು ರೂಪ, ನಾಲ್ಕರಿಂದ ಆರು ಮಾತ್ರೆ. ಹಾಡುವ ಕಂಠ ಅದನ್ನು ಹಿಗ್ಗಿಸಿ ಕುಗ್ಗಿಸಿ ಸಮಮಾಡುತ್ತೆ. ಟೆಕ್‌ನಲ್ಲಿ ಇದಕ್ಕೆ ಸರಿಯಾದ ವಸ್ತು ಇದೆ. ಅದನ್ನ ಅವರು ಗ್ಲೂ, ಅಂದರೆ ಅಂಟು ಅಂತಾರೆ. ಸಹಜ ಅಗಲ ಇಷ್ಟು, ಬೇಕಾದರೆ ಇಷ್ಟು ಹಿಗ್ಗಬಹುದು, ಇಷ್ಟು ಕುಗ್ಗಬಹುದು ಎಂದು ಮೂರು ಅಳತೆ ಇರುವ ತೆರಪು. ತ್ರಿಪದಿ, ಸಾಂಗತ್ಯಗಳ ಗಣವನ್ನು ಒಂದು ಸಮ ಅಗಲದ ಅಂಕಣದಲ್ಲಿ ಇಟ್ಟು, ಒಳಗಿನ ಅಂಶಗಳನ್ನು ಅಂಟಿನಿಂದ ಹರವಿದರೆ ಗಾಯಕರು ಮಾಡುವ ಕೆಲಸಕ್ಕೆ ಅದು ಹತ್ತಿರ ಬರುತ್ತೆ. ಸೇಡಿಯಾಪು ಕೃಷ್ಣಭಟ್ಟರು 'ಛಂದೋಗತಿ'ಯಲ್ಲಿ ಗತಿಯನ್ನು ಚರ್ಚೆಯ ಮಧ್ಯಕ್ಕೆ ತಂದರು. ಆ ಗತಿಯನ್ನು ಕಾಗದದ ಮೇಲೆ ತೋರಿಸುವ ಅಚ್ಚನ್ನು ಮಾತ್ರ ನಾವು ಇನ್ನೂ ಕಟ್ಟಿಕೊಂಡಿಲ್ಲ.

ಅಗಲದ ಆಯ್ಕೆ ಅಂದರೆ ಛಂದಸ್ಸಿನ ಬಗ್ಗೆ ಒಂದು ಹೇಳಿಕೆ. ಸಮ ಅಗಲ ಕೊಟ್ಟವರು 'ಇದು ಎಣಿಕೆ' ಅಂತಿದ್ದಾರೆ, ಮಾತ್ರೆಯ ಅಗಲ ಕೊಟ್ಟವರು 'ಇದು ಕಾಲ' ಅಂತಿದ್ದಾರೆ, ಅಂಟು ಕೊಟ್ಟವರು 'ಇದು ಹಾಡು' ಅಂತಿದ್ದಾರೆ. ಹೇಳಿಕೆ ಕೊಡ್ತಿದ್ದೀವಿ ಅಂತ ಗೊತ್ತಿಲ್ಲದೇ ಕೊಟ್ಟರೆ ಅದು ವಿಮರ್ಶೆ ಆಗೋದಿಲ್ಲ.

6. ಏನು ಮಾಡಬಹುದು

ಕೆಲವು ಸಲಹೆ ಹೇಳಿ ಮುಗಿಸ್ತೀನಿ. ಒಂದು, ಮನೆಯನ್ನು ಪೂರ್ಣಾಕ್ಷರಕ್ಕೆ ಮಾಡಬೇಕು, ಕೋಷ್ಟಕದಲ್ಲಾಗಲಿ ಟೆಕ್‌ನಲ್ಲಾಗಲಿ. ಸ್ಪೇಸ್ ಒತ್ತಿ ಗುರುತು ಕೂರಿಸೋದನ್ನ ಬಿಡಬೇಕು. ಯೂನಿಕೋಡ್ ಕನ್ನಡವನ್ನು ಝೀಟೆಕ್‌ನಲ್ಲಿ ಸರಿಯಾಗಿ ಜೋಡಿಸಬಹುದು. ಎರಡು, ಗುರುತಿನ ಅಗಲ ಸೊನ್ನೆ ಇರಬೇಕು, ಅದು ಅಕ್ಷರವನ್ನು ತಳ್ಳಬಾರದು. ಮೂರು, ಮಾತ್ರೆಯ ಅಗಲ ಬಳಸುವಾಗ ಒಂದು ಪಾಲು ಅಂದರೆ ಆ ಪದ್ಯದ ಅತಿ ಅಗಲದ ಲಘು, ಅಂದರೆ ಮೊ ಥರದ್ದು, ಹಿಡಿಸುವಷ್ಟು ಇರಬೇಕು. ನಾಲ್ಕು, ಎಲ್ಲ ಸಾಲಿಗೂ ಒಂದೇ ಊರುಗೋಲು ಕೊಡಬೇಕು. ಇಲ್ಲದಿದ್ದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುರುತಿಗೆ ತಾಗಿ, ಲಘುವಿನ ಬಟ್ಟಲೋ ಒತ್ತಿನ ಬಾಲವೋ ಗೊತ್ತಾಗೋದಿಲ್ಲ. ಐದು, ಕಲಿಸುವಾಗ ಎರಡು ಸಾಲು ಬರೆಯೋಣ: ಮೇಲೆ ಬಣ್-ಣಾ-ರಿ ಅಂತ ಬಿಡಿಸಿದ್ದು, ಕೆಳಗೆ ಕೂಡಿಸಿ ಬರೆದದ್ದು. ತಮಿಳು ಲಿಪಿ ನಮ್ಮ ಹುಡುಗಿಗೆ ಮಾಡಿಕೊಟ್ಟ ಉಪಕಾರವನ್ನು ನಮ್ಮ ಲಿಪಿಯೂ ಮಾಡಲಿ.

ಕೊನೆಯದು ನನಗೆ ಬಹಳ ಮುಖ್ಯ. ಪ್ರಸ್ತಾರದ ಪಕ್ಕದಲ್ಲಿ ಗಣಗಳ ಹೆಸರನ್ನೂ ಉದ್ದಿಷ್ಟದ ಸಂಖ್ಯೆಯನ್ನೂ ತಪ್ಪದೆ ಬರೆಯೋಣ. ನಾಗವರ್ಮ ಛಂದೋಂಬುಧಿಯನ್ನು ಹೆಂಡತಿಗೆ ಹೇಳುವ ಧಾಟಿಯಲ್ಲಿ ಬರೆದ. ಅದು ಕಿವಿಗೆ ಹೇಳಿದ ಶಾಸ್ತ್ರ. ಭರನಭಭರಲಗ ಎಂಬ ಎಂಟು ಅಕ್ಷರದಲ್ಲಿ ಇಪ್ಪತ್ತು ಮನೆ ಮಡಚಿ ಇಟ್ಟಿದೆ, ಅದಕ್ಕೆ ಅಗಲವೂ ಬೇಡ ತೆರಪೂ ಬೇಡ. ಫಾಂಟ್ ಬದಲಾದರೂ ಅದು ಜಾರೋದಿಲ್ಲ. ಸಂಖ್ಯೆಯೂ ಅಷ್ಟೇ. ಮೇಲಿನ ಗುರುತು ಕೂಡಿಸಿದಾಗ ಪಕ್ಕದ ಸಂಖ್ಯೆ ಬರದಿದ್ದರೆ ಎಲ್ಲೋ ಅಚ್ಚು ಕೆಟ್ಟಿದೆ ಅಂತ ಓದುಗರಿಗೇ ಗೊತ್ತಾಗುತ್ತೆ, ಕವಿಯನ್ನು ದೂರುವ ಮೊದಲು ಪುಟವನ್ನು ಅನುಮಾನಿಸ್ತಾರೆ.

ಪ್ರಶ್ನೋತ್ತರ

ಪ್ರಶ್ನೆ: ಇಷ್ಟೆಲ್ಲ ಏರ್ಪಾಡು ಯಾಕೆ? ನಿಮ್ಮ ಗುರುಗಳು ಮಾಡಿದ ಹಾಗೆ ಕಿವಿಯನ್ನೇ ನಂಬಿದರೆ ಸಾಲದೇ?

ಉತ್ತರ: ಕಿವಿ ಪಳಗಿದವರಿಗೆ ಸಾಕು, ಮೇಡಂ. ನಮ್ಮ ಕಡೆ ಮಾದಪ್ಪನ ಕಥೆ ಹಾಡುವ ದೇವರಗುಡ್ಡರಿಗೆ, ಮಂಟೇಸ್ವಾಮಿಯ ನೀಲಗಾರರಿಗೆ ಯಾವ ಗುರುತೂ ಬೇಕಿಲ್ಲ. ಆದರೆ ನಾನು ಬರೆದದ್ದನ್ನ ದೂರದಲ್ಲಿ ಕೂತು ಓದುವವರು ನನ್ನ ಕಿವಿಯನ್ನು ಎರವಲು ತಗೊಳ್ಳೋ ಹಾಗಿಲ್ಲ. ಅವರು ಪರೀಕ್ಷಿಸಿ ನೋಡಲಿಕ್ಕೆ ಏನಾದರೂ ಪುಟದ ಮೇಲೆ ಇರಬೇಕಲ್ಲ. ಅವತ್ತು ಗುರುಗಳು ಗೋಷ್ಠಿಯಲ್ಲಿ ಇಲ್ಲದಿದ್ದರೆ ನನ್ನ ತಪ್ಪು ಹಾಗೇ ಅಚ್ಚಾಗ್ತಿತ್ತು.

ಪ್ರಶ್ನೆ: ಅಕ್ಷರಗಳನ್ನ ಹೀಗೆ ಸಮ ಅಗಲದ ಮನೆಗೆ ಹಾಕಿದರೆ ಪದಗಳು ಚೆಲ್ಲಾಪಿಲ್ಲಿ ಆಗೋದಿಲ್ವಾ? ಪದ್ಯ ಓದೋದು ಹೇಗೆ?

ಉತ್ತರ: ಆಗುತ್ತೆ, ಒಪ್ಪಿದೆ. ಅದಕ್ಕೇ ಪದ್ಯವನ್ನು ಪದ್ಯದ ಹಾಗೇ ಒಮ್ಮೆ ಅಚ್ಚು ಮಾಡಿ, ಪ್ರಸ್ತಾರವನ್ನು ಬೇರೆಯಾಗಿ ಕೊಡಬೇಕು. ಎರಡನ್ನೂ ಒಂದೇ ಸಾಲಿನಲ್ಲಿ ತುರುಕೋಕೆ ಹೋಗಿಯೇ ಎರಡೂ ಕೆಡ್ತಿರೋದು.

ಅಧ್ಯಕ್ಷರು: ಆ ಹಳೆಯ ಪ್ರಬಂಧ ಏನಾಯಿತು?

ಉತ್ತರ: ಒಂದೂವರೆ ಪುಟ ತೆಗೆದುಹಾಕಿದೆ, ಸರ್. ಬರೆಯುವಾಗ ಅದೇ ನನಗೆ ಬಹಳ ಇಷ್ಟವಾದ ಭಾಗವಾಗಿತ್ತು. ಈಗ ಆ ಜಾಗದಲ್ಲಿ ಎರಡೇ ಸಾಲು ಇದೆ: ಈ ಪಾದದಲ್ಲಿ ದೋಷವಿಲ್ಲ, ಹಿಂದೆ ದೋಷವೆಂದು ಹೇಳಿದ್ದು ನನ್ನ ತಪ್ಪು. ಪಕ್ಕದಲ್ಲಿ 3,55,799 ಅಂತ ಬರೆದಿದ್ದೀನಿ. ಬೇಕಾದವರು ಕೂಡಿಸಿ ನೋಡಬಹುದು.